ಲಿಫ್ಟ್ ನಿಂತ ದಿನ

ನೆಲಮಾಳಿಗೆಯ ಕ್ವಾಂಟಂ ಲ್ಯಾಬಿನ ಬಾಗಿಲು ಕಿರ್ ಅಂದದ್ದೇ ತಡ, ಯುವ ಸಂಶೋಧಕಿ ಕುರ್ಚಿಯಿಂದ ಪುಟಿದೆದ್ದು ಶುರುಮಾಡಿಯೇಬಿಟ್ಟಳು: “ಬನ್ನಿ ಬನ್ನಿ! ಇಷ್ಟು ದಿನ ಹೆಸರು ಕೇಳಿದ್ರಿ. ಇವತ್ತು ಕಣ್ಣಾರೆ ನೋಡ್ತೀರಿ. ಒಂದೇ ಒಂದು ಪರಮಾಣು, ಸಿಂಗಲ್ಲಾಗೇ ನಿಂತಿದೆ!”

“ಮೇಡಂ, ನಾನು. ಲಿಫ್ಟ್ ರಿಪೇರಿಯವನು.”

ಅವಳ ಮುಖ ರೀಲು ಕಡಿದ ಸಿನಿಮಾ ಪರದೆಯ ಹಾಗೆ ಬೆಳ್ಳಗಾಯಿತು. ಅವನ ಬೆನ್ನ ಹಿಂದೆ ಇಣುಕಿದಳು. ಯಾರೂ ಇಲ್ಲ. ಹಾಕಿಟ್ಟಿದ್ದ ನಲವತ್ತು ಕುರ್ಚಿಗಳಲ್ಲಿ ನಲವತ್ತೂ ಖಾಲಿ.

ಶಾಲೆಯ ಮಕ್ಕಳು ಸಂಸ್ಥೆ ನೋಡಲು ಬರುವ ದಿನ ಅದು. ಅವರಿಗೆ ತೋರಿಸಲೆಂದೇ ಬೆಳಗ್ಗೆ ಒಂದು ಪರಮಾಣುವನ್ನು ಹಿಡಿದು, ಲೇಸರ್ ಬೆಳಕಿನಲ್ಲಿ ಅಲುಗದಂತೆ ನಿಲ್ಲಿಸಿದ್ದಳು. ಊಟಕ್ಕೂ ಎದ್ದಿರಲಿಲ್ಲ. ವಾರವಿಡೀ ಕನ್ನಡಿ ಮುಂದೆ ಡೈಲಾಗ್ ಹೊಡೆದು ಗಂಟಲು ಕಟ್ಟಿತ್ತು. ಒಬ್ಬರಾದರೂ ‘ಅಬ್ಬಾ!’ ಅಂದರೆ ಸಾಕಿತ್ತು.

“ಮಕ್ಕಳೆಲ್ಲಿ ಅಣ್ಣಾ?”

“ಮೇಲೆ ಡ್ಯಾನ್ಸ್ ಮಾಡೋ ರೋಬೋ ಹತ್ರ ಇದ್ರು. ಬಸ್ಸು ಆಗ್ಲೇ ಹೊರಟೋಯ್ತು.”

“ಇಲ್ಲಿಗ್ಯಾಕೆ ಬರಲಿಲ್ಲ? ಅಷ್ಟು ದೊಡ್ಡ ಬಾಣದ ಗುರುತು ಬರೆದು ಅಂಟಿಸಿದ್ನಲ್ಲ!”

ಅವನು ತಲೆ ಕೆರೆದುಕೊಂಡ. “ಲಿಫ್ಟ್ ಓಡಿ ನೆಲ ಅದುರಿದ್ರೆ ಪರಮಾಣು ಪರಾರಿ, ನಿಲ್ಸಿ ಅಂದಿದ್ದು ನೀವೇ ತಾನೆ? ನಿಲ್ಸಿದೆ. ‘ಲಿಫ್ಟ್ ಇಲ್ಲ’ ಅಂತ ಬೋರ್ಡೂ ನೇತಾಕ್ದೆ. ಅದು ನಿಮ್ಮ ಬಾಣದ ಮೇಲೇ ಕೂತ್ಬಿಡ್ತು. ಕೆಳಗೆಲ್ಲಾ ಬಂದ್ ಅಂದ್ಕೊಂಡಿರ್ಬೇಕು ಪಾಪ.”

ಅವಳು ಜೋರಾಗಿ ನಕ್ಕಳು. ಆ ನಗು ನಲವತ್ತು ಕುರ್ಚಿ ಸುತ್ತಿ ಅವಳ ಹತ್ತಿರವೇ ವಾಪಸ್ ಬಂತು.

“ಈಗ ಆನ್ ಮಾಡ್ಲಾ? ಅದನ್ನ ಕೇಳೋಕೇ ಬಂದೆ.”

“ಮಾಡಿ, ಇನ್ನೇನು... ಒಂದ್ನಿಮಿಷ. ಅದು ಹೋಗೋದರೊಳಗೆ ನೀವಾದ್ರೂ ನೋಡಿ.”

ಅವನು ಬಗ್ಗಿ ನೋಡಿದ. ಕಂಪ್ಯೂಟರಿನ ಕಪ್ಪು ಪರದೆಯ ನಡುವೆ ಒಂದು ನೀಲಿ ಚುಕ್ಕೆ. ಸಾಸಿವೆಯಷ್ಟೂ ಇಲ್ಲ.

“ಇಷ್ಟೇನಾ?”

“ಇಷ್ಟೇ.”

“ಅಕ್ಕಪಕ್ಕ ಯಾರೂ ಇಲ್ವಾ?”

“ಇರಬಾರ್ದು. ಅದನ್ನಿಟ್ಟಿರೋ ಡಬ್ಬಿ ಒಳಗಿನ ಗಾಳೀನೂ ತೆಗೆದುಬಿಟ್ಟಿದೀನಿ. ಯಾರಾದ್ರೂ ತಾಗಿದ್ರೆ ಕಥೆ ಮುಗೀತು.”

“ಎಷ್ಟೊತ್ತಿಂದ ಹಿಂಗೆ?”

“ಬೆಳಗ್ಗೆ ಏಳರಿಂದ.”

ಅವನು ‘ಅಬ್ಬಾ’ ಅನ್ನಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಸದ್ದಾಗದಂತೆ ಜೇಬಿಗಿಳಿಸಿದ. “ಲಿಫ್ಟಲ್ಲಿ ಯಾರಾದ್ರೂ ಸಿಕ್ಕಾಕ್ಕೊಂಡ್ರೆ ನಾವು ಮೊದ್ಲು ಬಾಗಿಲಿಗೆ ಕೈ ಹಾಕಲ್ಲ ಮೇಡಂ. ಹೊರಗಿಂದ ಮಾತಾಡಿಸ್ತೀವಿ. ‘ಹೆದರ್ಬೇಡಿ, ಇಲ್ಲೇ ಇದೀನಿ’ ಅಂತ. ಅಷ್ಟಕ್ಕೇ ಅರ್ಧ ಜೀವ ಬರುತ್ತೆ ಅವ್ರಿಗೆ. ಇದನ್ನ ಯಾರು ಮಾತಾಡಿಸ್ತಾರೆ?”

ಅವಳು ಒಂದು ಕುರ್ಚಿ ಎಳೆದುಕೊಂಡು ಚುಕ್ಕೆಯ ಎದುರು ಕೂತಳು.

ಅವನು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ. ಮೆಟ್ಟಿಲ ಮೇಲೆ ಬೂಟಿನ ಸದ್ದು ಅರ್ಧಕ್ಕೆ ನಿಂತಿತು. ಮೇಲಿದ್ದ ಜೊತೆಗಾರನಿಗೆ ಅವನು ಕೂಗಿ ಹೇಳಿದ್ದು ಕೆಳಗಿನವರೆಗೂ ಕೇಳಿಸಿತು:

“ಸ್ವಿಚ್ ಮುಟ್ಬೇಡ್ವೋ! ಕೆಳಗೆ ಇನ್ನೂ ಇಬ್ರಿದಾರೆ.”