ಕಿರುಗುಟ್ಟದ ಮಂಚ

ಧಪ್! ಗೋಡೆಯಾಚೆ ಏಟು ಬಿತ್ತು. ಬೆನ್ನಿಗೇ ಇನ್ನೊಂದು. ಈಚೆ ಒಲೆಯ ಮುಂದೆ ಕೂತಿದ್ದ ಮಾರೆಮ್ಮನ ಮುಖ ಅರಳಿತು.

“ಕೇಳಿಸ್ತೇನೇ? ಅಷ್ಟು ಬಡಿದ್ರೂ ಕಿರ್ ಅಂತಾದ್ರೂ ಅಂತೈತಾ ನೋಡು,” ಎಂದಳು ಮಗಳಿಗೆ.

ಸುನೀತಾಳ ಬಲಗೈ ಪ್ಲಾಸ್ಟರಿನಲ್ಲಿತ್ತು. ಮದುವೆಗೆ ಕೊಟ್ಟ ಅಗ್ಗದ ಮಂಚ ತಿಂಗಳೊಳಗೆ ಕುಸಿದು, ಹರಿಹರದ ಬೀಗರ ಮನೆಯಲ್ಲಿ ನಗೆಪಾಟಲಾಗಿತ್ತು. ಆ ಸಿಟ್ಟಿಗೆ ಗಂಡ ಸಿದ್ದೇಶ್ ಮುರಿದ ಮಂಚದ ಕಾಲನ್ನೇ ಎತ್ತಿ ಅವಳ ಕೈ ಮುರಿದಿದ್ದ. ಗಟ್ಟಿ ಮಂಚ ತಂದರೆ ಬಾ, ಇಲ್ಲದಿದ್ದರೆ ದಾವಣಗೆರೆಯಲ್ಲೇ ಬಿದ್ದಿರು ಎಂದು ಬಸ್ಸು ಹತ್ತಿಸಿದ್ದ. ತಪ್ಪು ಅವನದಲ್ಲ, ಮಂಚದ್ದು ಎಂದು ಹಿರಿಯರು ಕೂತು ತೀರ್ಮಾನಿಸಿದ್ದರು. ಎಂಥ ಹಿರಿಯರೋ, ಅವರ ಮೀಸೆಗಿಷ್ಟು ಬೆಂಕಿ ಬೀಳ!

ಹಾಗಾಗಿ ಮಾರೆಮ್ಮನಿಗೆ ಬೇಕಾದದ್ದು ಒಂದೇ, ಮುರಿಯದ ಮಂಚ. ತೇಗದ್ದು ಕೊಳ್ಳುವ ತ್ರಾಣವಿರಲಿಲ್ಲ. ಇನ್ನೊಂದು ಮಂಚ ಕುಸಿದರೆ ಮಗಳು ಜೀವಸಹಿತ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಪಕ್ಕದ ಮನೆಯ ಕಾಂತರಾಜನದು ವಿಚಿತ್ರ ಉದ್ಯೋಗ. ಊರ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ, ಹಲಗೆಗಳಾಗಿ ಪೆಟ್ಟಿಗೆಯಲ್ಲಿ ಬರುವ, ಮನೆಯಲ್ಲೇ ಜೋಡಿಸಿಕೊಳ್ಳುವ ಮಂಚ ತಯಾರಾಗುತ್ತಿತ್ತು. ಅವನ್ನು ಬಡಿದು ನೋಡುವುದೇ ಅವನ ಕೆಲಸ. ಗರಡಿಯ ಮೈ. ಮಾರಾಟ ಮೇಳದಲ್ಲಿ ಕೊಡತಿ ಬೀಸಿದನೆಂದರೆ ನೋಡುವವರ ಎದೆ ಝಲ್ಲೆನ್ನುತ್ತಿತ್ತು. ಮಂಚ ಮಾತ್ರ ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ.

“ಮೇಳದಾಗಿಂದು ಬ್ಯಾರೆ ಇರ್ತೈತವ್ವ. ಎಲ್ಲಾ ಮಂಕುಬೂದಿ,” ಎಂದಿದ್ದಳು ಸುನೀತಾ.

ಮಾರೆಮ್ಮ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವವಳು. ಕಾಂತರಾಜನನ್ನೇ ಮೊದಲೇ ಕೇಳಿದ್ದಳು. “ಸಂಜಿ ಸಂಜಿ ನಿಮ್ಮನಿಯಾಗ ಅದೇನ್ ಸದ್ದಪ್ಪ?”

ಅವನು ನಕ್ಕ. “ಮನಿಗೂ ಒಂದು ತಂದೀನಮ್ಮ. ಕೆಲಸದ ಚಟ ನೋಡ್ರಿ, ಬಡೀದಿದ್ರ ಕೈ ಸುಮ್ಕಿರಲ್ಲ.”

ನಲ್ಲಿಯ ಬಳಿ ಅವನ ಹೆಂಡತಿ ಸುಧಾಳನ್ನೂ ವಿಚಾರಿಸಿದ್ದಳು. “ಗಟ್ಟಿ ಐತೇನವ್ವ ನಿಮ್ಮನಿ ಮಂಚ?”

ಸುಧಾ ಕೊಡದಿಂದ ತಲೆ ಎತ್ತಲಿಲ್ಲ. “ಇಲ್ಲೀತಂಕ ಮುರಿದಿಲ್ರಿ,” ಎಂದಳು.

ಇಬ್ಬರ ಬಾಯಲ್ಲೂ ಒಂದೇ ಮಾತು. ಮಾರೆಮ್ಮ ಅದೇ ಮಂಚ ತಂದಳು.

ಶುಕ್ರವಾರ ಬೆಳಿಗ್ಗೆ ಗೋಡೆಯಾಚೆ ಏಟುಗಳು ಎಂದಿಗಿಂತ ಜೋರಾಗಿ ಬಿದ್ದವು. ಶುಭಶಕುನ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಕಾಂತರಾಜ್ ಬೈಕ್ ಹತ್ತಿ ಕೆಲಸಕ್ಕೆ ಹೋದ. ಸಿದ್ದೇಶ್ ಟೆಂಪೊ ತಂದು ನಿಲ್ಲಿಸಿದ. ಇಲ್ಲೇ ಜೋಡಿಸಿ ತೋರಿಸಿದರೆ ಮಾತ್ರ ಹೆಂಡತಿಯನ್ನು ಕರೆದೊಯ್ಯುವುದಾಗಿ ಹಟ ಹಿಡಿದ. ಹಲಗೆಗಳನ್ನು ಹರವಿದರು. ತಿರುಪು ಬಿಗಿಯುವ ಕೀಲಿ ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ.

“ಮತ್ತ ಮೋಸ ಮಾಡ್ತೀರೇನು?” ಸಿದ್ದೇಶ್ ಮಂಚದ ಕಾಲೊಂದನ್ನು ಕೈಗೆತ್ತಿಕೊಂಡ. ಸುನೀತಾ ಪ್ಲಾಸ್ಟರಿನ ಕೈಯನ್ನು ಎದೆಗವಚಿಕೊಂಡು ಗೋಡೆಗೆ ಒತ್ತಿ ನಿಂತಳು.

“ತಡಿಯಪ್ಪ, ನಿನ್ನ ಕಾಲಿಗೆ ಬೀಳ್ತೀನಿ! ಪಕ್ಕದ ಮನ್ಯಾಗ ಇದೇ ಮಂಚ ಐತೆ. ಕೀಲಿ ತರ್ತೀನಿ,” ಎಂದು ಮಾರೆಮ್ಮ ಓಡಿದಳು.

ಕೂಗಿದಳು. ಬಾಗಿಲನ್ನು ದೂಡಿದಳು.

ಆ ಒಂದೇ ಕೋಣೆಯ ಮನೆಯಲ್ಲಿ ಮಂಚವೇ ಇರಲಿಲ್ಲ. ಬರೀ ನೆಲದ ಮೇಲೆ, ಸದ್ದು ಹೊರಗೆ ಹೋಗದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಸುಧಾ ಬಿದ್ದಿದ್ದಳು.