ಎಡಬಾಗಿಲಿನ ಪುಟ್ಟಿ

ಹಳೇ ಸ್ಪೋರ್ಟ್ಸ್ ಕಾರೊಂದನ್ನು ನ್ಯಾಯವಾದ ಬೆಲೆಗೆ ಕೊಳ್ಳಲು ಶೇಷಾಚಲ ನಾವಡರು ಆರು ವರ್ಷ ಊರೂರು ಅಲೆದಿದ್ದರು. ಯಾವ ಕಾರನ್ನಾದರೂ ವಾಸನೆಯಲ್ಲೇ ಗುರುತು ಹಿಡಿಯುತ್ತೇನೆಂಬುದು ಅವರ ಜಂಬ. ಕೊನೆಗೆ ಸಿಕ್ಕ ಕಾರು ಹೊಸದಾಗಿ ಕೆಂಪು ಬಣ್ಣ ಬಳಿಸಿಕೊಂಡು, ನಂಬರ್ ಪ್ಲೇಟಿಲ್ಲದೆ ನಿಂತಿತ್ತು. ನಾವಡರು ಜೇಬಿನ ಅಯಸ್ಕಾಂತವನ್ನು ಎಡಬಾಗಿಲಿಗೆ ಒತ್ತಿದರು. ಅದು ಅಂಟದೆ ನೆಲಕ್ಕೆ ಬಿತ್ತು.

"ತಗಡೆಲ್ಲಿದೆಯಯ್ಯಾ, ತುಕ್ಕು ಮುಚ್ಚೋಕೆ ಮೆತ್ತಿದ ಬರೀ ಪುಟ್ಟಿ! ಇದಕ್ಕೆ ಇಷ್ಟು ಬೆಲೆಯೇ?"

"ನಾನು ಮೆತ್ತಿದ್ದಲ್ಲ ಸರ್. ಮೂವತ್ತು ವರ್ಷದ ಹಿಂದೆ ಬ್ರೋಕರ್ ಹೀಗೇ ನನ್ನ ತಲೆಗೆ ಕಟ್ಟಿದ."

"ಹಾಗಾದ್ರೆ ನಿನಗಿಂತ ಮುಂಚಿನವನು ಮಹಾ ಕಳ್ಳ. ಅಂಥವನ ಮುಖಕ್ಕೆ ಉಗೀಬೇಕು. ಯಾರವನು?"

ಮಾರುವವನು ಆರ್‌ಸಿ ಪುಸ್ತಕ ತೆರೆದು, ಮೊದಲ ಮಾಲೀಕನ ಹೆಸರಿನ ಮೇಲೆ ಬೆರಳಿಟ್ಟ.

"ಶೇಷಾಚಲ ನಾವಡ ಅಂತೆ. ನಿಮ್ಗೇನಾದ್ರೂ ಪರಿಚಯವಾ ಸರ್?"