ಎಡಗಡೆಯ ರೆಕ್ಕೆ

ಆಷಾಢದ ಗಾಳಿ ಬಲಿತ ಒಂದು ದಿನ, ಹೊತ್ತು ಇಳಿಯುವ ವೇಳೆಗೆ, ಮರಿಯಯ್ಯ ತನ್ನ ಪಂಪ್‌ಸೆಟ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ನಕ್ಷೆಯ ಹಾಳೆಯೊಂದನ್ನು ಹರಡಿದ. ಚಿಕ್ಕಸ್ವಾಮಿ ಪಟಕ್ಕೆಂದು ಬಿದಿರ ದಬ್ಬೆ ಹಿಡಿದು ಬಂದಿದ್ದ. ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಕಿರಂಗೂರಿನಲ್ಲಿ ಆಷಾಢದ ಪಟ ಅಂದರೆ ಇವರಿಬ್ಬರದೇ. ದಬ್ಬೆ ಬಗ್ಗಿಸುವವನು ಚಿಕ್ಕಸ್ವಾಮಿ, ಸೂತ್ರ ಕಟ್ಟುವವನು ಮರಿಯಯ್ಯ.

“ಈ ಸಲ ಪಟ ಬ್ಯಾಡ ಕಣ್ಲಾ,” ಅಂದ ಮರಿಯಯ್ಯ. “ನಾವು ಚಿಕ್ಕುಡುಗ್ರಾಗಿದ್ದಾಗ ಕಬ್ಬಿಗೆ ಮದ್ದೊಡಿಯಕ್ಕೆ ಬಂದಿತ್ತಲ್ಲ ಇಮಾನ, ಅದ್ನೇ ಪುಟ್ದಾಗಿ ಮಾಡವ. ಮೋಟ್ರು, ಒಡಲು ನಂದು. ಬಲಗಡೆ ರೆಕ್ಕೆ ಮೇಷ್ಟ್ರುದು. ಎಡಗಡೇದು ನಿಂದು.”

ಮೇಷ್ಟ್ರು ಅಂದರೆ ಶ್ರೀಕಂಠಯ್ಯ. ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವರು, ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮಗಳು ಇಂದಿರ ಊರಿನ ಶಾಲೆಗೆ ಟೀಚರಾಗಿ ಬಂದಾಗ ಅವಳ ಜೊತೆ ಬಂದು ನೆಲೆಸಿದ್ದರು. ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಗಲೇ ಅಂಗಡಿಯಲ್ಲಿ ಚಿಕ್ಕಸ್ವಾಮಿ ಕೂರುತ್ತಿದ್ದ ಸ್ಟೂಲು ಅವರದಾಗಿತ್ತು, ಟೀ ಬಂದರೆ ಮೊದಲ ಲೋಟ ಅವರ ಕೈಗೆ ಹೋಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಸುಣ್ಣದ ಕಲ್ಲಿಗೆ ನೀರು ಬಿದ್ದ ಹಾಗೆ ಚಿಕ್ಕಸ್ವಾಮಿಯ ಹೊಟ್ಟೆ ಕುದಿಯುತ್ತಿತ್ತು.

ಬಲರೆಕ್ಕೆಯನ್ನು ಮೇಷ್ಟ್ರು ಮೊದಲು ಮುಗಿಸಿದರು. ಆಮೇಲೆ ನಕ್ಷೆ ಚಿಕ್ಕಸ್ವಾಮಿಗೆ ಬಂತು. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಅದನ್ನು ಹಲಗೆಗೆ ಸೂಜಿ ಚುಚ್ಚಿ ನಿಲ್ಲಿಸಿ ಕೆಲಸಕ್ಕೆ ಕೂತ. ಒಣಗಿದ ಕತ್ತಾಳೆ ದಂಟು ಬೆಂಡಿನಷ್ಟು ಹಗುರ. ಅದನ್ನು ತೆಳ್ಳಗೆ ಸೀಳಿ ರೆಕ್ಕೆಯ ಪಕ್ಕೆಲುಬುಗಳನ್ನು ಕೊಯ್ದ. ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ದಬ್ಬೆಯನ್ನು ದೀಪದ ಬಿಸಿಗೆ ಹಿಡಿದು ತುದಿ ಬಗ್ಗಿಸಿದ. ಮೇಷ್ಟ್ರು ಬರೀ ಅಂಟು ಹಾಕಿದ್ದರು. ಇವನು ಕೂಡುವ ಕಡೆಯಲ್ಲೆಲ್ಲ ದಾರ ಸುತ್ತಿ, ಗಂಟು ಕಾಣದ ಹಾಗೆ ಒಳಗೆ ಅಡಗಿಸಿದ. ಆ ಗಂಟು ಅಪ್ಪನಿಂದ ಅವನಿಗೆ ಬಂದದ್ದು. ಊರಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

“ಎಮ್ಮೆ ಕೂಗಾಡ್ತಾ ಅದೆ, ನೀನು ಗೀಜಗನಂಗೆ ಕಡ್ಡಿ ಎಣೀತಾ ಕುಂತಿದ್ದೀಯ,” ಎಂದು ಹೆಂಡತಿ ಸೋಮಮ್ಮ ಬೈದಳು. ಅವನ ಕಿವಿಗೆ ಬೀಳಲಿಲ್ಲ.

ಒಂದು ಸಂಜೆ ಮೇಷ್ಟ್ರೇ ಬಾಗಿಲಿಗೆ ಬಂದರು. ಕೈಯಲ್ಲಿ ಎಣ್ಣೆಯ ಸಣ್ಣ ಸೀಸೆ.

“ಚಿಕ್ಕಸ್ವಾಮಿಯವರೇ, ನಕ್ಷೆ ವಿಷಯ ಒಂದು ಮಾತು…”

ಚಿಕ್ಕಸ್ವಾಮಿ ಟವೆಲ್ಲು ಎಳೆದು ರೆಕ್ಕೆಯ ಮೇಲೆ ಹೊದಿಸಿದ. “ಮುಗಿದ್ಮೇಲೆ ನೋಡೀರಂತೆ ಬುಡಿ ಮೇಷ್ಟ್ರೇ.”

“ಅಲ್ಲ, ಈ ಎಣ್ಣೇನ ಹಾಳೆಗೆ…”

“ಎಣ್ಣೆಗೇನು ನಮ್ಮನೇಲಿ ಬರ ಬಂದಿಲ್ಲ. ಓಗ್ಬನ್ನಿ.”

ಮೇಷ್ಟ್ರು ಸೀಸೆಯನ್ನು ಜೇಬಿಗೆ ಹಾಕಿಕೊಂಡು ಹೊರಟರು.

ರೆಕ್ಕೆ ಕೂಡಿಸುವ ದಿನ ಚಿಕ್ಕಸ್ವಾಮಿ ತನ್ನದನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋದ. ಬಿಚ್ಚಿದ ಕೂಡಲೇ ಮರಿಯಯ್ಯ, “ಅಬ್ಬಬ್ಬ, ಏನ್ ಕೆಲ್ಸವ್ಲಾ ಇದು!” ಅಂದ. ಚಿಕ್ಕಸ್ವಾಮಿಯ ಹೊಟ್ಟೆ ತಣ್ಣಗಾಯಿತು. ಮೇಷ್ಟ್ರು ಬಗ್ಗಿ ದಾರದ ಸುತ್ತನ್ನೇ ನೋಡುತ್ತಿದ್ದರು. ಮರಿಯಯ್ಯ ರೆಕ್ಕೆಯನ್ನು ವಿಮಾನದ ಎಡಕ್ಕೆ ಹಿಡಿದ. ಉಬ್ಬು ಮೇಲಿಟ್ಟರೆ ಮುಂದಿರಬೇಕಾದ ದಪ್ಪ ಅಂಚು ಹಿಂದಕ್ಕೆ ಹೋಯಿತು. ಅಂಚನ್ನು ಮುಂದಕ್ಕೆ ತಂದರೆ ಹೊಟ್ಟೆ ಮೇಲಾಯಿತು.

“ಲೇ, ಎರಡೂ ಬಲಗಾಲಿನ ಎಕ್ಕಡ ಆಗ್ಬುಟ್ವಲ್ಲೋ!” ಮರಿಯಯ್ಯ ನಕ್ಕ. “ನಕ್ಸೇಲಿರೋದು ಬಲಗಡೇದೊಂದೇ. ಅದ್ಕೆ ಎಣ್ಣೆ ಸವರುದ್ರೆ ಗೆರೆ ಇಂದ್ಗಡೆಗೂ ಕಾಣ್ತದೆ. ಮಗುಚಾಕ್ಕಂಡು ಎಡಗಡೇದು ಮಾಡ್ಬೇಕು. ಮೇಷ್ಟ್ರು ಬಂದು ಏಳ್ನಿಲ್ವಾ?”

ಚಿಕ್ಕಸ್ವಾಮಿಗೆ ಆ ಸೀಸೆ ಕಣ್ಣ ಮುಂದೆ ಬಂತು. ಆದರೆ ಬಾಯಿಂದ ಬಂದದ್ದೇ ಬೇರೆ.

“ನೀನು ನಂಗೇಳಿದ್ದು ಬಲಗಡೇದು. ಎಡಗಡೇದು ಅವ್ರು ಮಾಡ್ಬೇಕಿತ್ತು.”

ಮರಿಯಯ್ಯನ ನಗು ನಿಂತಿತು.

“ಹೌದು ಮರಿಯಯ್ಯ, ತಪ್ಪು ನನ್ನದೇ,” ಅಂದರು ಶ್ರೀಕಂಠಯ್ಯ. “ಇವರದು ಚೆನ್ನಾಗಿದೆ, ಇದನ್ನೇ ಬಲಕ್ಕೆ ಹಾಕಿ. ಎಡಗಡೆಯದು ನಾನು ಮಾಡಿಕೊಡ್ತೀನಿ.” ಆಗಲೇ ಕೂಡಿಸಿದ್ದ ತಮ್ಮ ರೆಕ್ಕೆಯನ್ನು ಬಿಡಿಸಿ ಕಂಕುಳಲ್ಲಿ ಇಟ್ಟುಕೊಂಡು, ನಕ್ಷೆಯನ್ನೂ ತೆಗೆದುಕೊಂಡು ಎದ್ದು ಹೋದರು. ಮರಿಯಯ್ಯ ಸ್ಟೂಲನ್ನು ಬೆಂಚಿನ ಕೆಳಗೆ ತಳ್ಳಿದ. ಚಿಕ್ಕಸ್ವಾಮಿಗೆ ಕೂರು ಅನ್ನಲಿಲ್ಲ.

ಆ ತಿಂಗಳೇ ಇಂದಿರಗೆ ದೇವಲಾಪುರಕ್ಕೆ ವರ್ಗವಾಯಿತು. ಸೋಮವಾರ ಬೆಳಿಗ್ಗೆ ಮೇಷ್ಟ್ರ ಸಾಮಾನು ತುಂಬಿಕೊಂಡು ಟೆಂಪೋ ಹೊರಟಿತು. ಅಂಗಡಿಯ ಬೆಂಚಿನ ಮೇಲೆ ಹಳೇ ಪೇಪರಿನಲ್ಲಿ ಸುತ್ತಿದ ಎಡರೆಕ್ಕೆ ಇತ್ತು. ಅದನ್ನು ಬಿಚ್ಚಿದವನು ಚಿಕ್ಕಸ್ವಾಮಿ. ಒಂದು ಸೊಟ್ಟ, ಒಂದು ಬಿರುಕು ಸಿಕ್ಕರೂ ಸಾಕಿತ್ತು ಅವನಿಗೆ. ಬೆಳಕಿಗೆ ಹಿಡಿದ, ಮಗುಚಿ ನೋಡಿದ. ಪಕ್ಕೆಲುಬು ಸೇರುವ ಕಡೆಯಲ್ಲೆಲ್ಲ ದಾರ ಸುತ್ತಿತ್ತು. ಉಗುರಿನಿಂದ ಕೆರೆದು ಹುಡುಕಿದರೂ ಗಂಟು ಸಿಗಲಿಲ್ಲ.

‘ಇದನ್ನೂ ಕಲ್ತ್ಬುಟ್ಟ’ ಅಂದುಕೊಂಡ.

ಗುರುವಾರ ಸಂಜೆ, ಕಬ್ಬು ಕಡಿದ ಗದ್ದೆಯ ಮೇಲೆ ವಿಮಾನ ಹಾರಿತು. ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ಎರಡು ಸುತ್ತು ಬಂದು ಮಣ್ಣಿನಲ್ಲಿ ಜಾರಿ ನಿಂತಿತು. ಮರಿಯಯ್ಯ ಓಡಿಹೋಗಿ ಅದನ್ನು ಎತ್ತಿಕೊಂಡ. ಚಿಕ್ಕಸ್ವಾಮಿ ಅವನ ಬಾಯನ್ನೇ ನೋಡುತ್ತಾ ಪಕ್ಕದಲ್ಲಿ ನಿಂತ.

“ಮೇಷ್ಟ್ರು ನೋಡ್ಬೇಕಿತ್ತು ಕಣ್ಲಾ,” ಅಂದ ಮರಿಯಯ್ಯ. “ಸೋಮ್ವಾರವೇ ಒಂಟೋದ್ರು.”

ಹೆಗಲ ಟವೆಲ್ಲಿನ ತುದಿಯಿಂದ ಅವನು ಎಡರೆಕ್ಕೆಯ ಮಣ್ಣನ್ನು ನಿಧಾನಕ್ಕೆ, ಬುಡದಿಂದ ತುದಿಯವರೆಗೆ ಒರೆಸಿದ. ಬಲರೆಕ್ಕೆಯದನ್ನು ಚಿಕ್ಕಸ್ವಾಮಿ ತಾನೇ ಒರೆಸಿಕೊಂಡ.